ಸಂಜೆ ಐದಕ್ಕೆ ಬಂದವರ ಕೂಲಿ

ಯೇಸು ಹೇಳಿದ ದ್ರಾಕ್ಷಿ ತೋಟದ ಕತೆ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿದೆ. ಬೆಳಿಗ್ಗೆ ಬಂದವರಿಗೂ ಸಂಜೆ ಐದಕ್ಕೆ ಬಂದವರಿಗೂ ಯಜಮಾನ ಒಂದೇ ಕೂಲಿ ಕೊಡ್ತಾನೆ. ಅಪ್ರೈಸಲ್, ರೇಟಿಂಗ್ ಅಂತ ಬದುಕೋ ನನ್ನಂಥ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಈ ಲೆಕ್ಕ ಸುಲಭಕ್ಕೆ ಇಳಿಯಲ್ಲ. ಇಡೀ ದಿನ ಬಿಸಿಲಲ್ಲಿ ಬೆಂದವರು ಗೊಣಗಿದ್ದೂ ಅದಕ್ಕೇ.

ಭಾನುವಾರ ಚರ್ಚಿನಲ್ಲಿ ನಾನು ಕೇಳಿದ ಪ್ರಸಂಗಗಳು ಇದನ್ನು ಸ್ವರ್ಗದ ಕತೆಯಾಗಿ ಮುಗಿಸಿಬಿಡ್ತವೆ. ನನ್ನ ನಂಬಿಕೆಗೆ ಅದರ ಕೂಲಿಯೂ ಅಷ್ಟೇ ಮುಖ್ಯ. ಸುಮ್ಮನೆ ಯಾಕೆ ನಿಂತಿದ್ದೀರಿ ಅಂದರೆ, ಯಾರೂ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ ಅಂತಾರೆ ಅವರು. ಸೋಮಾರಿಗಳಲ್ಲ. ಬೆಂಗಳೂರಿನ ಸರ್ಕಲ್‌ಗಳಲ್ಲಿ ಬುತ್ತಿ ಹಿಡಿದು ಮೇಸ್ತ್ರಿಗಾಗಿ ಕಾಯುವವರನ್ನು ನೋಡಿದ್ದೀರಲ್ಲ, ಅಂಥವರೇ. ಕೂಲಿ ಅರ್ಧ ಆದರೆ ಮನೆಯಲ್ಲಿ ಹಸಿವೇನೂ ಅರ್ಧ ಆಗಲ್ಲ. ದಿನದ ಕೂಲಿಯನ್ನು ಸೂರ್ಯ ಮುಳುಗುವ ಮುಂಚೆ ಕೊಡಿ ಅಂತ ಮೋಶೆಯ ಧರ್ಮಶಾಸ್ತ್ರ ಹೇಳಿದ್ದೂ ಬಡವನ ಜೀವ ಅದನ್ನೇ ನಂಬಿಕೊಂಡಿದೆ ಅಂತಲೇ.

ಜಾನ್ ರಸ್ಕಿನ್ ತನ್ನ ‘ಅನ್‌ಟು ದಿಸ್ ಲಾಸ್ಟ್’ ಪುಸ್ತಕಕ್ಕೆ ಹೆಸರು ತೆಗೆದುಕೊಂಡಿದ್ದು ಇದೇ ಕತೆಯಿಂದ. ಗಾಂಧೀಜಿ ಅದನ್ನು ಓದಿದ್ದು 1904ರಲ್ಲಿ, ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೊರಟ ರೈಲಿನಲ್ಲಿ. ಅದೇ ವರ್ಷ ಫೀನಿಕ್ಸ್ ಆಶ್ರಮ ಶುರುವಾಯಿತು. ಅಲ್ಲಿ ದುಡಿಯುವವರಿಗೆ ಬಣ್ಣ, ದೇಶ ನೋಡದೆ ತಲಾ ತಿಂಗಳಿಗೆ 3 ಪೌಂಡ್. ನೋಡಿ, ಕ್ರೈಸ್ತರಲ್ಲದ ಒಬ್ಬರು ಈ ಕತೆಯ ಲೆಕ್ಕವನ್ನು ಸಂಬಳದ ಪಟ್ಟಿಗೇ ತಂದುಬಿಟ್ಟರು!

ಕಳೆದ ತಿಂಗಳು ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗಿನಲ್ಲಿ, ಹುಷಾರಿಲ್ಲದೆ ರಜೆ ಹಾಕಿದ ಕ್ಲೀನಿಂಗ್‌ನವರ ಸಂಬಳ ಕಟ್ ಮಾಡೋಣವಾ ಅನ್ನೋ ಮಾತು ಬಂತು. ಬೇಡ ಅಂದೆ. ಕಾರಣ ಕೇಳಿದರು, ದ್ರಾಕ್ಷಿ ತೋಟದ ಕತೆ ಹೇಳಿದೆ. ಇಬ್ಬರು ನಕ್ಕರು, ಒಬ್ಬರು ಕೈ ಎತ್ತಿದರು. ಮುಂದಿನ ಮೀಟಿಂಗ್ ಈ ಶನಿವಾರ.