ಹೋದ ಹಲ್ಲಿನ ಜಾಗಕ್ಕೆ

ತಿಕೋಟಾ ಕಡೆಯ ಊಟದಲ್ಲಿ ಹಲ್ಲಿಗೆ ಕೆಲಸ ಹೆಚ್ಚು. ಬಿಳಿಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಹಸಿ ಸೌತೆಕಾಯಿ, ಮೊಳಕೆ ಬಂದ ಕಾಳು—ಎಲ್ಲವೂ ಅಗಿದು ತಿನ್ನತಕ್ಕವು. ಹಲ್ಲು ಹೋದವರು ಮೊದಲು ಬಿಡುವುದು ರೊಟ್ಟಿಯನ್ನು. ಆಮೇಲೆ ಕಾಳು, ಹಸಿ ತರಕಾರಿ. ಕೊನೆಗೆ ಉಳಿಯುವುದು ಮೆತ್ತನೆಯ ಅನ್ನ ಮತ್ತು ಚಹಾದಲ್ಲಿ ಅದ್ದಿದ ಬಿಸ್ಕೀಟು. “ವಯಸ್ಸಾಯಿತು” ಎಂದು ಮನೆಯವರೂ ಸುಮ್ಮನಾಗುತ್ತಾರೆ. ಆದರೆ ಹಲ್ಲು ಬೀಳುವುದಕ್ಕೆ ಬಹುಮಟ್ಟಿಗೆ ಕಾರಣ ಮುಪ್ಪಲ್ಲ; ಹುಳುಕು ಮತ್ತು ಒಸಡಿನ ರೋಗ.

ಒಂದೇ ಹಲ್ಲು ಹೋಯಿತೆಂದು ಅಲಕ್ಷ್ಯ ಮಾಡುವಂತಿಲ್ಲ. ಕಾಲ ಕಳೆದಂತೆ ಪಕ್ಕದ ಹಲ್ಲುಗಳು ಆ ಬಯಲಿನತ್ತ ವಾಲುವುದುಂಟು. ಎದುರು ದವಡೆಯ ಹಲ್ಲು ತನ್ನ ಸಾಲು ಬಿಟ್ಟು ಹೊರಬರುವುದುಂಟು. ಬೇರಿಲ್ಲದ ಕಡೆ ದವಡೆಯ ಎಲುಬೂ ಸವೆಯುತ್ತದೆ. ಹಾಗಾದರೆ ಮಾಡತಕ್ಕದ್ದೇನು? ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ತೆಗೆದು ಹಾಕಿಕೊಳ್ಳುವ ಕಟ್ಟುಹಲ್ಲು. ಇದು ಸಾಮಾನ್ಯವಾಗಿ ಎಲ್ಲಕ್ಕಿಂತ ಅಗ್ಗ. ಕೆಲವೇ ಹಲ್ಲು ಹೋಗಿರಲಿ, ಎಲ್ಲ ಹೋಗಿರಲಿ, ಮಾಡಿಸಬಹುದು. ಪೂರ್ಣ ಸೆಟ್ಟನ್ನು ಒಸಡಿನ ಮೇಲೆ ಹಿಡಿದಿಡುವುದು ಜೊಲ್ಲಿನ ತೆಳುಪದರ. ಅಂಗುಳದ ಆಸರೆಯಿರುವುದರಿಂದ ಮೇಲಿನ ಸೆಟ್ಟು ಚೆನ್ನಾಗಿ ನಿಲ್ಲುತ್ತದೆ. ನಾಲಗೆಯ ಚಲನೆಯಿಂದ ಕೆಳಗಿನದು ಸಡಿಲವಾಗುತ್ತದೆ. ಮೊದಲ ಕೆಲವು ವಾರ ಜೊಲ್ಲು ಹೆಚ್ಚಬಹುದು, ಮಾತು ತೊದಲಬಹುದು. ಮೆತ್ತನೆಯ ಆಹಾರದಿಂದ ಆರಂಭಿಸಿ, ಎರಡೂ ಕಡೆ ಅಗಿಯಿರಿ. ಸಹಜ ಹಲ್ಲಿನಷ್ಟು ಬಲ ಇದಕ್ಕೆ ಬಾರದು. ಖಡಕ್ ರೊಟ್ಟಿಯನ್ನು ಪಲ್ಯದಲ್ಲಿ ನೆನೆಸಿಯೇ ತಿನ್ನಬೇಕಾದೀತು. ರಾತ್ರಿ ತೆಗೆದು, ತೊಳೆದು, ತಣ್ಣೀರಿನಲ್ಲಿಡಿ. ಕುದಿನೀರು ತಾಗಿದರೆ ಅದರ ಆಕಾರ ಕೆಡುತ್ತದೆ. ಎಲುಬು ಸವೆದು ಸೆಟ್ಟು ಸಡಿಲವಾದರೆ ವೈದ್ಯರಿಂದ ಸರಿಪಡಿಸಿಕೊಳ್ಳಬೇಕು.

ಎರಡನೆಯದು ಬ್ರಿಡ್ಜ್, ಅಂದರೆ ಸೇತುವೆ. ಬಯಲಿನ ಎರಡು ಬದಿಯ ಹಲ್ಲುಗಳನ್ನು ಅರೆದು, ಅವುಗಳಿಗೆ ಟೋಪಿ ತೊಡಿಸಿ, ನಡುವೆ ಕೃತಕ ಹಲ್ಲನ್ನು ನಿಲ್ಲಿಸುತ್ತಾರೆ. ಇದು ಕದಲದು, ತೆಗೆಯಬೇಕಾದದ್ದೂ ಇಲ್ಲ. ಆದರೆ ಆರೋಗ್ಯವಾದ ಹಲ್ಲನ್ನು ಅರೆಯಬೇಕಾಗುತ್ತದೆ. ಅರೆದದ್ದು ಮರಳಿ ಬೆಳೆಯದು. ಆಧಾರದ ಹಲ್ಲು ಹುಳುಕಾದರೆ ಸೇತುವೆಯೂ ಹೋಯಿತು.

ಮೂರನೆಯದು ಇಂಪ್ಲಾಂಟ್. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಮೊಲದ ಎಲುಬನ್ನು ಪರೀಕ್ಷಿಸುವಾಗ, ಟೈಟೇನಿಯಂ ಲೋಹ ಎಲುಬಿನೊಡನೆ ಬೆಸೆದುಕೊಂಡದ್ದನ್ನು ಕಂಡರು. 1965ರಲ್ಲಿ ಮನುಷ್ಯನ ದವಡೆಗೆ ಅದೇ ಲೋಹದ ತಿರುಪನ್ನು ಕೂಡಿಸಿದರು. ಇಂದು ಆ ತಿರುಪೇ ಕೃತಕ ಬೇರು. ಅದು ಬೆಸೆಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಹಿಡಿಯುತ್ತದೆ. ಅಕ್ಕಪಕ್ಕದ ಹಲ್ಲು ಅರೆಯಬೇಕಿಲ್ಲ. ಅಗಿಯುವ ಬಲವೂ ಚೆನ್ನಾಗಿ ಬರುತ್ತದೆ. ಆದರೆ ವೆಚ್ಚ ಬಹಳ, ಶಸ್ತ್ರಕ್ರಿಯೆ ಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೂ ಬೀಡಿ, ಸಿಗರೇಟು ಬಿಡದವರಿಗೂ ಅದು ಕೈಕೊಡುವ ಸಂಭವ ಹೆಚ್ಚು. ಎಲ್ಲ ಹಲ್ಲು ಹೋದವರು ಕೆಳದವಡೆಗೆ ಎರಡೇ ಇಂಪ್ಲಾಂಟ್ ಹಾಕಿಸಿ, ಅದಕ್ಕೆ ಸೆಟ್ಟನ್ನು ಸಿಕ್ಕಿಸಿಕೊಳ್ಳುವ ನಡುದಾರಿಯೂ ಉಂಟು.

ಇನ್ನೊಂದು ಎಚ್ಚರಿಕೆ. ತರಬೇತಿಯಿಲ್ಲದವರು ಒಂದೇ ದಿನದಲ್ಲಿ ಪಕ್ಕದ ಹಲ್ಲುಗಳಿಗೆ ಅಂಟಿಸಿಕೊಡುವ ಹಲ್ಲಿನ ಮೋಹಕ್ಕೆ ಬೀಳದಿರಿ. ಅದರಡಿ ಕೊಳೆ ನಿಂತು, ಒಸಡು ಬಾತು, ಗಟ್ಟಿಯಿದ್ದ ಹಲ್ಲುಗಳೂ ಅಲುಗಾಡತೊಡಗುತ್ತವೆ. ವಿಜಯಪುರದಲ್ಲಿ ಅಲ್-ಅಮೀನ್ ದಂತವೈದ್ಯಕೀಯ ಕಾಲೇಜಿದೆ. ಇಂಥ ಕಾಲೇಜುಗಳಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುವುದು ವಾಡಿಕೆ. ಅಲ್ಲಿ ವಿಚಾರಿಸಲು ತಿಕೋಟಾದವರಿಗೆ ದೂರವೇನಲ್ಲ.

ವೈದ್ಯರ ಬಳಿ ಹೋದಾಗ “ಯಾವುದು ಉತ್ತಮ?” ಎಂದಷ್ಟೇ ಕೇಳಬೇಡಿ. ಎಷ್ಟು ದಿನ ಬಾಳುತ್ತದೆ, ಒಟ್ಟು ಎಷ್ಟು ಖರ್ಚು, ಉಳಿದ ಹಲ್ಲುಗಳಿಗೆ ಏನಾಗುತ್ತದೆ ಎಂದು ಕೇಳಿರಿ. ಮನೆಯಲ್ಲಿ ಹಿರಿಯರು ರೊಟ್ಟಿ ಬಿಟ್ಟಿದ್ದರೆ, ಅವರ ಬಾಯನ್ನು ಒಮ್ಮೆ ತೋರಿಸಿ ಬನ್ನಿರಿ.