ಟವರ್ ಇಲ್ಲದಾಗ ಸರದಿ ಪಟ್ಟಿ ಯಾರ ಫೋನಿನಲ್ಲಿರಬೇಕು?

ಮಳೆಗಾಲದಲ್ಲಿ ನಮ್ಮ ಶಿರಸಿ ಕಡೆ ಕರೆಂಟ್ ಹೋದ್ರೆ ಟವರೂ ಹೋಯ್ತು ಅಂತಲೇ ಲೆಕ್ಕ. ಕಳೆದ ವರ್ಷ ಅಡಿಕೆಗೆ ಬೋರ್ಡೋ ಹೊಡೆಯೋ ಸರದಿ ಪಟ್ಟಿ ನನ್ನೊಬ್ಬನ ಫೋನಿನಲ್ಲಿತ್ತು. ಮಳೆ ಬಿಟ್ಟ ದಿನ ನಾನು ಪೇಟೆಯಲ್ಲಿದ್ದೆ. ಯಾರ ತೋಟ ಅಂತ ಗೊತ್ತಾಗದೆ ಕೊನೆಗೌಡ್ರು ವಾಪಸ್ ಹೋದ್ರು. ಎರಡು ತೋಟಕ್ಕೆ ಕೊಳೆರೋಗ ಬಂತು.

ಟವರ್ ಇಲ್ಲದಿದ್ದರೂ ಹತ್ತಿರದ ಫೋನುಗಳು ಬ್ಲೂಟೂತ್, ವೈಫೈ ಮೂಲಕ ತಮ್ಮತಮ್ಮಲ್ಲೇ ಮಾಹಿತಿ ದಾಟಿಸಬಲ್ಲವು. ಹೀಗೆ ಬೆಸೆದ ಜಾಲವೇ ಮೊಬೈಲ್ ಅಡ್‌ಹಾಕ್ ನೆಟ್‌ವರ್ಕ್. ಜನ ಓಡಾಡಿದಂತೆ ಕೊಂಡಿ ಕಡಿಯುತ್ತೆ, ಮತ್ತೆ ಕೂಡುತ್ತೆ. ಹಾಗಾದ್ರೆ ನಕಲು ಎಷ್ಟು ಫೋನಿನಲ್ಲಿರಬೇಕು? ಸಂಶೋಧಕರು ಎನ್‌ಎಸ್-3 ಎಂಬ ಉಚಿತ ತಂತ್ರಾಂಶದಲ್ಲಿ ಇಂಥದ್ದನ್ನು ಸಿಮ್ಯುಲೇಶನ್ ಮಾಡಿ ನೋಡುತ್ತಾರೆ.

ನಾನು ಜಗುಲಿಯಲ್ಲೇ ಮಾಡಿದೆ. ಊರಿನ ನಕ್ಷೆಗೆ ಚೌಕ ಹಾಕಿ, ಆರು ಅಡಿಕೆಯನ್ನು ಫೋನ್ ಅಂತ ಇಟ್ಟು, ದಾಳ ಹಾಕಿ ನಡೆಸಿದೆ. ಪಕ್ಕದ ಚೌಕಕ್ಕೆ ಬಂದರೆ ಮಾತ್ರ ಪಟ್ಟಿ ದಾಟಬೇಕು. ಒಂದೇ ನಕಲಿದ್ದಾಗ ಹಳ್ಳದಾಚೆಯವರಿಗೆ ಪದೇಪದೇ ತಪ್ಪಿತು. ಹಳ್ಳದ ಎರಡೂ ಕಡೆ ಒಂದೊಂದು ಇಟ್ಟಾಗ ಹೆಚ್ಚಿನವರಿಗೆ ಸಿಕ್ಕಿತು. ಆರರಲ್ಲೂ ಇಟ್ಟಾಗ ಬೇರೆ ತೊಂದರೆ: ಸರದಿ ಬದಲಾದರೂ ಕೆಲವರ ಹತ್ರ ಹಳೇ ಪಟ್ಟಿಯೇ ಉಳಿಯಿತು.

ಹಾಗಾಗಿ ಈ ವರ್ಷ ಎರಡೇ ನಕಲು. ತಿದ್ದೋದು ಒಬ್ಬರೇ, ಮೇಲೆ ದಿನಾಂಕ, ಸಮಯ. ಪಟ್ಟಿ ಇರುವವರು ಊರು ಬಿಡೋ ಮೊದಲು ಪಕ್ಕದ ಮನೆಯ ಫೋನಿಗೆ ಕ್ವಿಕ್ ಶೇರ್‌ನಲ್ಲಿ ದಾಟಿಸಬೇಕು. ಅದಕ್ಕೆ ಇಂಟರ್ನೆಟ್ ಬೇಕಿಲ್ಲ.

ನೀವೂ ಮೊದಲು ಅಡಿಕೆ ನಡೆಸಿ ನೋಡಿ, ಆ್ಯಪ್ ಆಮೇಲೆ ಹುಡುಕಿ.