ಪಂಚವೀಸ, ಇಪ್ಪತ್ತೈದು: ಮಕ್ಕಳ ಗಣಿತದ ಬಗ್ಗೆ ತಪ್ಪು ಕಲ್ಪನೆಗಳು ಮತ್ತು ಸತ್ಯ

ಮಗುವಿಗೆ ಗಣಿತ ಬಾರದಿದ್ದಾಗ ಮನೆಯಲ್ಲೂ ಶಾಲೆಯಲ್ಲೂ ಮೊದಲು ದೂರು ಬೀಳುವುದು ಮಗುವಿನ ತಲೆಯ ಮೇಲೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಗಡಿನಾಡಿನಲ್ಲಿ ಈ ದೂರುಗಳನ್ನು ಒಂದೊಂದಾಗಿ ತಿಕ್ಕಿ ನೋಡಿದರೆ ತೊಡಕು ಬೇರೆಡೆ ಸಿಗುತ್ತದೆ. ಸಂಖ್ಯೆಯನ್ನು ಹೇಳುವ ಮಾತಿನಲ್ಲಿ ಅದು ಇರಬಹುದು, ತಪ್ಪಿಹೋದ ಶಾಲೆಯ ದಿನಗಳಲ್ಲಿ ಇರಬಹುದು, ಮನೆಯ ಲೆಕ್ಕವನ್ನೂ ಪಾಟಿಯ ಲೆಕ್ಕವನ್ನೂ ಯಾರೂ ಜೋಡಿಸಿ ತೋರಿಸದೇ ಇರುವುದರಲ್ಲಿ ಇರಬಹುದು.

“ಇವಗ ಗಣಿತ ತಲಿಗೆ ಹತ್ತೂದಿಲ್ಲ”

ಗಣಿತದ ತಲೆ ಹುಟ್ಟಿನಿಂದ ಬರಬೇಕು, ಕೆಲವರಿಗೆ ಬರುತ್ತದೆ, ಉಳಿದವರಿಗೆ ಬರುವುದಿಲ್ಲ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ. ಪ್ರಮಾಣದ ಅರಿವು ಹುಟ್ಟಿನ ಹೊತ್ತಿಗೇ ಇರುತ್ತದೆ ಎಂಬುದೇನೋ ನಿಜ. ಆದರೆ ಅದು ಬಹುಪಾಲು ಎಲ್ಲ ಮಕ್ಕಳಲ್ಲೂ ಇರುತ್ತದೆ. ಐದು ತಿಂಗಳ ಕೂಸಿನ ಮುಂದೆ ಒಂದು ಗೊಂಬೆಯನ್ನು ಮರೆಯಲ್ಲಿಟ್ಟು, ಇನ್ನೊಂದನ್ನು ಅದರ ಜೊತೆ ಸೇರಿಸಿ, ಮರೆ ಸರಿಸಿದಾಗ ಒಂದೇ ಗೊಂಬೆ ಕಂಡರೆ ಕೂಸು ಹೆಚ್ಚು ಹೊತ್ತು ದಿಟ್ಟಿಸುತ್ತದೆ ಎಂದು ಕರೆನ್ ವಿನ್ ಎಂಬ ಮನಶ್ಶಾಸ್ತ್ರಜ್ಞೆ 1992ರಲ್ಲಿ ತೋರಿಸಿದರು. ಡಿಸ್‌ಕ್ಯಾಲ್ಕ್ಯುಲಿಯ ಎಂಬ, ಸಂಖ್ಯೆಯನ್ನೇ ಗ್ರಹಿಸಲಾಗದ ನಿಜವಾದ ತೊಂದರೆಯೂ ಇದೆ. ಅದು ನೂರು ಮಕ್ಕಳಲ್ಲಿ ಮೂರರಿಂದ ಏಳು ಮಕ್ಕಳಿಗೆ ಇರುತ್ತದೆಂದು ಅಂದಾಜು. ಅಂಥ ಮಕ್ಕಳೂ ಸರಿಯಾದ ಸಹಾಯದಿಂದ ಮುಂದೆ ಹೋಗುತ್ತಾರೆ. ತರಗತಿಯ ಅರ್ಧ ಮಕ್ಕಳು ಭಾಗಾಕಾರದಲ್ಲಿ ಹಿಂದೆ ಬಿದ್ದಿದ್ದರೆ ಮಾತ್ರ ಆ ಕಾರಣ ಹೇಳಲು ಬರುವುದಿಲ್ಲ.

ಹುಟ್ಟಿನಿಂದ ಬಾರದೇ ಮನೆಯಿಂದ ಮನೆಗೆ ದಾಟುವುದು ಅಂಜಿಕೆ. “ನನಗೂ ಗಣಿತ ಬರ್ತಿರಲಿಲ್ಲ ಬಿಡು” ಎಂದು ತಾಯಿಯೋ ತಂದೆಯೋ ಸಮಾಧಾನ ಹೇಳಿದಾಗ, ಇದು ಬಾರದಿದ್ದರೂ ನಡೆಯುವ ವಿಷಯ ಎಂದು ಮಗು ಕಲಿಯುತ್ತದೆ. ಅಮೆರಿಕದ ಒಂದನೇ, ಎರಡನೇ ತರಗತಿಯ ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಣಿತಕ್ಕೆ ಅಂಜುವ ಪಾಲಕರು ಮನೆಗೆಲಸಕ್ಕೆ ಪದೇ ಪದೇ ಜೊತೆ ಕೂತ ಮನೆಗಳಲ್ಲಿ ಮಕ್ಕಳು ವರ್ಷದಲ್ಲಿ ಕಡಿಮೆ ಕಲಿತಿದ್ದರು, ಹೆಚ್ಚು ಅಂಜಿದ್ದರು. ಅದಕ್ಕೂ ಐದು ವರ್ಷ ಮೊದಲಿನ ಇನ್ನೊಂದು ಅಧ್ಯಯನದಲ್ಲಿ, ಗಣಿತಕ್ಕೆ ಅಂಜುವ ಶಿಕ್ಷಕಿಯರ ತರಗತಿಯ ಕೆಲವು ಹುಡುಗಿಯರು ವರ್ಷದ ಕೊನೆಗೆ ‘ಹುಡುಗರು ಗಣಿತದಲ್ಲಿ ಜಾಣರು’ ಎಂಬುದನ್ನು ಒಪ್ಪಿಕೊಂಡಿದ್ದರು. ಕಲಿಕೆಯಲ್ಲಿ ಹಿಂದೆ ಬಿದ್ದವರು ಅವರೇ. ಹುಡುಗಿಯರಿಗೆ ಗಣಿತ ಒಗ್ಗುವುದಿಲ್ಲ ಎಂಬ ಮಾತು ಹೀಗೆ ತನ್ನ ಸಾಕ್ಷಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ.

“ಎರಡು ಭಾಷೆ ಬೆರೆತು ಮಗುವಿಗೆ ಗೊಂದಲ ಆಗೇತಿ”

ಗಡಿಭಾಗದ ಮಗು ಮನೆಯಲ್ಲಿ ಮರಾಠಿ ಆಡಿ ಕನ್ನಡ ಶಾಲೆಗೆ ಹೋಗಬಹುದು, ಕನ್ನಡ ಮನೆಯಿಂದ ಬಂದು ಸಂತೆಯಲ್ಲಿ ಮರಾಠಿಯಲ್ಲಿ ಚಿಲ್ಲರೆ ಎಣಿಸಬಹುದು. ಎರಡು ಭಾಷೆ ಕಲಿತದ್ದೇ ತಪ್ಪಾಯಿತು ಎಂಬುದು ತಪ್ಪು ಕಲ್ಪನೆ. ಆದರೆ ಗೊಂದಲ ಇದ್ದೇ ಇದೆ. ಅದು ಇರುವ ಜಾಗ ತೀರ ಚಿಕ್ಕದು, ಬೆರಳಿಟ್ಟು ತೋರಿಸುವಂಥದು.

ಕನ್ನಡದಲ್ಲಿ 25 ಎಂದರೆ ಇಪ್ಪತ್ತು ಮತ್ತು ಐದು. ಬಾಯಲ್ಲಿ ಯಾವುದು ಮೊದಲು ಬರುತ್ತದೋ ಕೈ ಅದನ್ನೇ ಮೊದಲು ಬರೆಯುತ್ತದೆ. ಮರಾಠಿಯಲ್ಲಿ ಅದು ಪಂಚವೀಸ, ಅಂದರೆ ಐದು ಮೊದಲು, ಇಪ್ಪತ್ತು ಆಮೇಲೆ. 43 ತ್ರೇಚಾಳೀಸ, 52 ಬಾವನ್ನ. 29ಕ್ಕೆ ಬಂದರೆ ಲೆಕ್ಕ ಇನ್ನೂ ಸುತ್ತು ಹೊಡೆಯುತ್ತದೆ: ಏಕೋಣತೀಸ, ಮೂವತ್ತಕ್ಕೆ ಒಂದು ಕಡಿಮೆ. ಕನ್ನಡದ ಇಪ್ಪತ್ತೊಂಬತ್ತು ನೇರವಾಗಿ ಇಪ್ಪತ್ತರ ಮೇಲೆ ಒಂಬತ್ತು. ಮರಾಠಿಯ ಮಗು ನೂರರ ತನಕ ಹೆಚ್ಚುಕಡಿಮೆ ಪ್ರತಿಯೊಂದು ಹೆಸರನ್ನೂ ಬೇರೆಯಾಗಿ ನೆನಪಿಡಬೇಕು. ಕನ್ನಡದ ಮಗು ಹತ್ತುಗಳ ಹೆಸರು ಕಲಿತರೆ ಉಳಿದದ್ದನ್ನು ತಾನೇ ಜೋಡಿಸಿಕೊಳ್ಳಬಲ್ಲದು. ಹೀಗಾಗಿ ‘ಪಂಚವೀಸ’ ಎಂದು ಯೋಚಿಸುವ ಮಗು 52 ಎಂದು ಬರೆದರೆ ಅದು ದಡ್ಡತನವಲ್ಲ, ಕೇಳಿದ್ದನ್ನು ಕೇಳಿದ ಕ್ರಮದಲ್ಲೇ ಬರೆದ ಪ್ರಾಮಾಣಿಕತೆ. ಜರ್ಮನ್ ಭಾಷೆಯಲ್ಲೂ ಬಿಡಿ ಅಂಕೆ ಮೊದಲು ಬರುತ್ತದೆ. ಅಲ್ಲಿನ ಮಕ್ಕಳಲ್ಲೂ ಇದೇ ಅದಲುಬದಲು ತಪ್ಪನ್ನು ಸಂಶೋಧಕರು ಧಾರಾಳವಾಗಿ ದಾಖಲಿಸಿದ್ದಾರೆ.

ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ 2019ರಲ್ಲಿ ಎರಡನೇ ಇಯತ್ತೆಯ ಪುಸ್ತಕದಲ್ಲಿ ಪಂಚವೀಸಕ್ಕೆ ‘ವೀಸ ಪಾಚ’ ಎಂಬ ಹೇಳಿಕೆಯನ್ನು ತಂದಾಗ ದೊಡ್ಡ ಗದ್ದಲವಾಯಿತು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದ ಗಣಿತಜ್ಞೆ ಮಂಗಳಾ ನಾರಳೀಕರ ಆ ಬದಲಾವಣೆಯನ್ನು ಸಮರ್ಥಿಸಿಕೊಂಡರು. ಮಕ್ಕಳು ಎಡವುವ ಜಾಗವನ್ನು ಅವರು ಸರಿಯಾಗಿಯೇ ಗುರುತಿಸಿದ್ದರು. ಕನ್ನಡ ಶಾಲೆಯ ಶಿಕ್ಷಕರ ಕೈಯಲ್ಲಂತೂ ಆ ‘ವೀಸ ಪಾಚ’ದ ಕ್ರಮ ಬೇಡದೆಯೇ ಬಂದಿದೆ.

ಹೀಗಿರುವಾಗ ಮರಾಠಿಯನ್ನು ಬಾಯಿಂದ ಕೀಳಿಸಬೇಕಾಗಿಲ್ಲ. ಹತ್ತು ಹತ್ತು ಕಡ್ಡಿಗಳ ಕಟ್ಟು ಮಾಡಿ, ಎರಡು ಕಟ್ಟು ಐದು ಬಿಡಿ ಕಡ್ಡಿ ಮುಂದಿಟ್ಟು, ‘ಕಟ್ಟು ಎಷ್ಟು, ಬಿಡಿ ಎಷ್ಟು’ ಎಂದು ಮೊದಲು ಕೇಳಿ, ಆಮೇಲೆ ಎರಡೂ ಭಾಷೆಯ ಹೆಸರು ಹೇಳಿಸಿದರೆ ಸಾಕು. ಕಣ್ಣಿಗೆ ಕಟ್ಟು ಕಂಡ ಮೇಲೆ ಹೆಸರು ಯಾವ ಕ್ರಮದಲ್ಲಿ ಬಂದರೂ ಬರವಣಿಗೆ ತಪ್ಪುವುದು ಕಡಿಮೆಯಾಗುತ್ತದೆ. ಅಂಕೆಗಳಲ್ಲೂ ಇಂಥದೊಂದು ಗುಂಡಿ ಇದೆ: ದೇವನಾಗರಿಯ ಒಂದು 9ರಂತೆ ಕಾಣುತ್ತದೆ, ಕನ್ನಡದ ಒಂದು ಸೊನ್ನೆಯ ಹತ್ತಿರದ ರೂಪದ್ದು.

ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಗಣಿತ ತಾನಾಗಿ ಸುಧಾರಿಸುತ್ತದೆ ಎಂಬ ನಂಬಿಕೆಗೂ ಇಲ್ಲೇ ಉತ್ತರವಿದೆ. 2019–20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ಶುರುವಾದಾಗ ಪಾಲಕರು ಮುಗಿಬಿದ್ದುದಕ್ಕೆ ಉದ್ಯೋಗದ ಕಾರಣಗಳಿವೆ, ಅವು ನ್ಯಾಯವಾದವೇ. ಗಣಿತದ ಕಾರಣ ಮಾತ್ರ ಇಲ್ಲ. ಲೆಕ್ಕದ ಪ್ರಶ್ನೆಯನ್ನೇ ಅರ್ಥ ಮಾಡಿಕೊಳ್ಳದ ಮಗುವಿಗೆ ಗಣಿತದ ತೊಡಕಿನ ಮೇಲೆ ಭಾಷೆಯ ತೊಡಕೂ ಕೂರುತ್ತದೆ. ಕನ್ನಡಕ್ಕೆ ಗಣಿತ ಹೊಸದೂ ಅಲ್ಲ. 12ನೇ ಶತಮಾನದ ಜೈನ ಕವಿ ರಾಜಾದಿತ್ಯ ‘ವ್ಯವಹಾರ ಗಣಿತ’, ‘ಕ್ಷೇತ್ರ ಗಣಿತ’ ಎಂದು ಕನ್ನಡದಲ್ಲೇ ಗ್ರಂಥಗಳನ್ನು ಬರೆದ.

“ಬೆರಳು ಮಡಚಿ ಎಣಿಸಬ್ಯಾಡ”

ಬೆರಳೆಣಿಕೆಯನ್ನು ಸೋಮಾರಿತನವೆಂದು ತಿಳಿದು ಕೈಗೆ ಹೊಡೆಯುವುದುಂಟು. ಸ್ವಿಟ್ಜರ್ಲೆಂಡಿನ ಲೋಸಾನ್ ವಿಶ್ವವಿದ್ಯಾಲಯದ ಕ್ಯಾಥರೀನ್ ತೆವನೋ ಮತ್ತು ಸಂಗಡಿಗರು ಬೆರಳು ಬಳಸದ ಐದಾರು ವರ್ಷದ ಮಕ್ಕಳಿಗೆ ಬೆರಳೆಣಿಕೆ ಕಲಿಸಿ ನೋಡಿದಾಗ, ಕೂಡುವ ಲೆಕ್ಕದಲ್ಲಿ ಸರಿಯುತ್ತರ ಶೇ. 37ರಿಂದ 77ಕ್ಕೆ ಏರಿತು. ಹಿರಿಯರು ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳಿನ ಗೆಣ್ಣು ಮುಟ್ಟುತ್ತಾ ಎಣಿಸುವಾಗ ಒಂದೇ ಕೈಯಲ್ಲಿ ಹನ್ನೆರಡು ಸಿಗುತ್ತದೆ. ಮೂರು ನಾಲ್ಕಲೆ ಹನ್ನೆರಡು ಎಂಬುದಕ್ಕೆ ಅದಕ್ಕಿಂತ ಹತ್ತಿರದ ಚಿತ್ರ ಬೇರೆಲ್ಲಿದೆ? ಎಂಟು ಒಂಬತ್ತು ವರ್ಷವಾದರೂ ಪ್ರತಿ ಸಲ ಒಂದರಿಂದಲೇ ಎಣಿಸುತ್ತಿದ್ದರೆ ಆಗ ಗಮನಿಸಬೇಕು. ಬೆರಳು ಬಿಡಿಸುವುದರಿಂದ ಅದು ಸರಿಹೋಗದು. 8+5 ಎಂದರೆ ಎಂಟಕ್ಕೆ ಎರಡು ಸೇರಿ ಹತ್ತು, ಉಳಿದದ್ದು ಮೂರು ಎಂದು ಒಡೆಯುವುದನ್ನು ಕಲಿಸಬೇಕು.

“ಮಗ್ಗಿ ಬಂದರ ಗಣಿತ ಬಂದಂಗ”

ಹಳೆಯ ಗಾವಟಿ ಶಾಲೆಗಳಲ್ಲಿ ಮೂವತ್ತರ ಮಗ್ಗಿಯ ಜೊತೆ ಪಾವಕಿ, ನಿಮಕಿ, ಪಾವಣಕಿ, ಸವಾಯಕಿ, ದೀಡಕಿ, ಅಡೀಚಕಿಗಳನ್ನೂ ಬಾಯಿಪಾಠ ಮಾಡಿಸುತ್ತಿದ್ದರು: ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆಯ ಮಗ್ಗಿಗಳು. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದಲ್ಲಿ ಅವಿಲ್ಲದೆ ಅಂಗಡಿ ನಡೆಯುತ್ತಿರಲಿಲ್ಲ. 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂದ ಮೇಲೆ ಅವು ಶಾಲೆಯಿಂದ ಮರೆಯಾದರೂ ‘ದೀಡ ನೂರು’, ‘ಅಡೀಚ ಸಾವಿರ’ ಎಂಬ ಮಾತುಗಳಲ್ಲಿ ಬದುಕಿವೆ.

ಮಗ್ಗಿಯೇ ಗಣಿತ ಎಂಬುದೂ ತಪ್ಪು, ಈಗಿನ ಕಾಲಕ್ಕೆ ಮಗ್ಗಿ ಬೇಡವೇ ಬೇಡ ಎಂಬುದೂ ಅಷ್ಟೇ ತಪ್ಪು. ಮನಸ್ಸು ಒಂದು ಹೊತ್ತಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಕೆಲವೇ. ಭಾಗಾಕಾರ ಮಾಡುವಾಗ ಏಳೆಂಟಲೆ ಐವತ್ತಾರು ತಟ್ಟನೆ ಬಾರದಿದ್ದರೆ ಅದನ್ನು ಹುಡುಕುವುದರಲ್ಲೇ ಮುಂದಿನ ಹೆಜ್ಜೆ ಮರೆತುಹೋಗುತ್ತದೆ. ಏಳು ನಾಲ್ಕಲೆ ಇಪ್ಪತ್ತೆಂಟು, ಅದರ ಇಮ್ಮಡಿ ಐವತ್ತಾರು ಎಂದು ಕಂಡುಕೊಂಡ ಮಗುವಿಗೆ ಮಗ್ಗಿ ಮರೆತರೂ ಮರಳುವ ದಾರಿ ಇರುತ್ತದೆ. ಅರ್ಥ ಮೊದಲು, ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ, ನಡುನಡುವೆ ದಿನ ಬಿಟ್ಟು ಅಭ್ಯಾಸ. ಒಂದೇ ರಾತ್ರಿ ನೂರು ಸಲ ಬರೆಸುವುದರಿಂದ ಕೈ ಮಾತ್ರ ನೋಯುತ್ತದೆ.

ವೇಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಂಗಳೂರಿನ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನಲ್ಲಿ ಎರಡು 13 ಅಂಕಿಯ ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದು ಅಪರೂಪದ ಸಾಧನೆ. 2014ರಲ್ಲಿ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆ ಮರಿಯಂ ಮಿರ್ಜಾಖಾನಿ ತಮ್ಮನ್ನು ನಿಧಾನವಾಗಿ ಯೋಚಿಸುವವಳು ಎಂದೇ ಹೇಳಿಕೊಳ್ಳುತ್ತಿದ್ದರು. ಗಡಿಯಾರ ಹಿಡಿದು ನಿಂತರೆ ಅಂಜುವ ಮಗುವಿನ ತಲೆಯಲ್ಲಿ ಲೆಕ್ಕಕ್ಕೆ ಇರಬೇಕಾದ ಜಾಗವನ್ನು ಅಂಜಿಕೆಯೇ ತುಂಬಿಕೊಳ್ಳುತ್ತದೆ.

“ಸಂತ್ಯಾಗ ಲೆಕ್ಕ ಮಾಡ್ತಾನ, ಸಾಲ್ಯಾಗ ಯಾಕ ಬರೂದಿಲ್ಲ?”

ಈ ಪ್ರಶ್ನೆಯೊಳಗೆ ಮಗು ಬೇಕಂತಲೇ ಓದುವುದಿಲ್ಲ ಎಂಬ ಅನುಮಾನ ಅಡಗಿದೆ. ಬ್ರೆಜಿಲ್‌ನ ರೆಸಿಫೆ ನಗರದ ಬೀದಿಯಲ್ಲಿ ಮಾರುವ ಐದು ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾರಾಟದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇ. 98 ಸರಿಯಾಗಿದ್ದವು, ಅದೇ ಮಕ್ಕಳಿಗೆ ಕಾಗದದ ಮೇಲೆ ಬರಿ ಅಂಕೆಯಲ್ಲಿ ಕೊಟ್ಟಾಗ ಶೇ. 37 ಮಾತ್ರ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಬಗ್ಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೊ ಮತ್ತು ಸಂಗಡಿಗರು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಕಂಡಿತು. ಮಗ್ಗುಲು ತಿರುಗಿಸಿದರೆ ಅದು ಇನ್ನೊಂದನ್ನೂ ಕಂಡಿತು: ಶಾಲೆಯ ಲೆಕ್ಕ ಬಲ್ಲ ಮಕ್ಕಳು ಸಂತೆಯ ಲೆಕ್ಕದಲ್ಲಿ ತಡವರಿಸಿದರು. ಒಂದು ಬಲ್ಲವರಿಗೆ ಇನ್ನೊಂದು ತಾನಾಗಿ ಬರುವುದಿಲ್ಲ. ಎರಡನ್ನೂ ಯಾರಾದರೂ ಜೋಡಿಸಿ ತೋರಿಸಬೇಕು.

ಜೋಡಿಸಲು ಈ ಐದು ತಾಲ್ಲೂಕುಗಳಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಎಕರೆಗೆ 40 ಗುಂಟೆ. ಸವ್ವಾ ಎಕರೆ 50 ಗುಂಟೆ, ದೀಡ ಎಕರೆ 60, ಪಾವಣೆ ಎರಡು ಎಕರೆ 70 ಎಂದು ಹೊಲದ ಮನೆಯ ಮಗು ಕೇಳುತ್ತಲೇ ಬೆಳೆಯುತ್ತದೆ. ಕಾಲು, ಅರ್ಧ, ಮುಕ್ಕಾಲು ಎಂದರೇನೆಂದು ಅದಕ್ಕೆ ಗೊತ್ತು. 1/4 ಎಂಬ ಬರಹ ಅದೇ ಕಾಲು ಎಂದು ಮಾತ್ರ ಗೊತ್ತಿಲ್ಲ. ಉಗಾರದ ಸಕ್ಕರೆ ಕಾರ್ಖಾನೆಯ ಹಾದಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಕಾಟಾದ ಮೇಲೆ ಎರಡು ಸಲ ಏರುತ್ತದೆ, ತುಂಬಿದ್ದಾಗ ಒಮ್ಮೆ, ಖಾಲಿಯಾದ ಮೇಲೆ ಒಮ್ಮೆ. 24,350 ಕಿಲೋದಿಂದ 6,780 ಕಿಲೋ ಕಳೆದರೆ 17,570, ಅಂದರೆ 17.57 ಟನ್ನು. ಐದು ಅಂಕೆಯ ವ್ಯವಕಲನ, ದಶಮಾಂಶ ಎರಡೂ ಒಂದೇ ಪಾವತಿಯಲ್ಲಿವೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವರ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿದೆ. 25ರ ಕಟ್ಟು ನಾಲ್ಕಾದರೆ ನೂರು, ನಲವತ್ತಾದರೆ ಸಾವಿರ ಎಂಬುದನ್ನು ಓದು ಬಾರದ ತಾಯಿಯೂ ತಪ್ಪಿಲ್ಲದೆ ಹೇಳುತ್ತಾಳೆ. ಓದದ ಪಾಲಕರು ಗಣಿತಕ್ಕೆ ಏನೂ ನೆರವಾಗಲಾರರು ಎಂಬ ಮಾತು ಇಷ್ಟಕ್ಕೇ ಬಿದ್ದುಹೋಗುತ್ತದೆ. ಅವಳು ಮಾಡಬೇಕಾದದ್ದು ತನ್ನ ಲೆಕ್ಕವನ್ನು ಗಟ್ಟಿಯಾಗಿ ಹೇಳುತ್ತಾ ಮಾಡುವುದು, ಶಿಕ್ಷಕರು ಮಾಡಬೇಕಾದದ್ದು ಅದನ್ನು ಅಂಕೆಯಲ್ಲಿ ಬರೆಯುವುದನ್ನು ತೋರಿಸುವುದು.

“ಶಾಣ್ಯಾ ಅದಿ ಅಂತ ಹೇಳಿದ್ರ ಧೈರ್ಯ ಬರತೈತಿ”

ಹೊಗಳಿಕೆಯಿಂದ ಆತ್ಮವಿಶ್ವಾಸ, ಆತ್ಮವಿಶ್ವಾಸದಿಂದ ಗಣಿತ ಎಂಬ ಕ್ರಮವನ್ನು ಈಗ ಬಹಳ ಜನ ನಂಬುತ್ತಾರೆ. ಕ್ಲಾಡಿಯಾ ಮ್ಯೂಲರ್ ಮತ್ತು ಕೆರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ಜಾಣ’ ಎನ್ನಿಸಿಕೊಂಡ ಐದನೇ ತರಗತಿಯ ಮಕ್ಕಳು ಕಷ್ಟದ ಸಮಸ್ಯೆ ಎದುರಾದ ಮೇಲೆ ಬೇಗ ಕೈಬಿಟ್ಟರು; ಪ್ರಯತ್ನವನ್ನು ಮೆಚ್ಚಿಸಿಕೊಂಡವರು ಮುಂದುವರಿಸಿದರು. ಜಾಣನೆಂಬ ಹೆಸರು ಬಂದ ಮೇಲೆ ಅದನ್ನು ಕಳೆದುಕೊಳ್ಳುವ ಭಯವೂ ಬರುತ್ತದೆ. ನಿನ್ನೆ ಬಾರದ ಲೆಕ್ಕ ಇವತ್ತು ಬಂತೆಂದು ಮಗುವಿಗೇ ಕಂಡಾಗ ಬರುವ ಧೈರ್ಯ ಬೇರೆ, ಅದಕ್ಕೆ ಯಾರ ಹೊಗಳಿಕೆಯೂ ಬೇಕಾಗದು.

ಅದಕ್ಕೆ ತಪ್ಪನ್ನು ಓದಲು ಬರಬೇಕು. 52ರಿಂದ 27 ಕಳೆದು ಮಗು 35 ಎಂದು ಬರೆದರೆ ಕೆಂಪು ಗೀಟು ಎಳೆದು ಮುಂದೆ ಹೋಗುವುದು ಸುಲಭ. “ಹ್ಯಾಂಗ ಮಾಡಿದಿ?” ಎಂದು ಕೇಳಿದರೆ ಅದು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಸಣ್ಣದನ್ನು ಕಳೆದಿದೆ ಎಂದು ತಿಳಿಯುತ್ತದೆ. ಆ ತಪ್ಪಿಗೊಂದು ನಿಯಮವಿದೆ, ನಿಯಮವಿರುವ ತಪ್ಪನ್ನು ತಿದ್ದಬಹುದು: ಐದು ಕಟ್ಟುಗಳಲ್ಲಿ ಒಂದನ್ನು ಬಿಚ್ಚಿ, ಇದ್ದ ಎರಡರ ಜೊತೆ ಸೇರಿಸಿ ಹನ್ನೆರಡು ಬಿಡಿ ಕಡ್ಡಿ ಮಾಡಿಸಿದರೆ ಆಯಿತು.

“ಹತ್ತನೇ ಇಯತ್ತೆಗೆ ಟ್ಯೂಷನ್ ಹಚ್ಚಿದರ ಆತು” ಎಂಬುದು ಕೊನೆಯ ನಂಬಿಕೆ. ಗಣಿತ ಮಹಡಿ ಮೇಲೆ ಮಹಡಿಯಾಗಿ ಏಳುತ್ತದೆ. ಸ್ಥಾನಬೆಲೆ ತಿಳಿಯದೆ ಭಾಗಾಕಾರ ನಿಲ್ಲದು, ಭಿನ್ನರಾಶಿಯಿಲ್ಲದೆ ಬೀಜಗಣಿತ ನಿಲ್ಲದು. ಕೇಂದ್ರ ಸರ್ಕಾರ 2021ರ ಜುಲೈ 5ರಂದು ಶುರುಮಾಡಿದ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಯನ್ನೇ ಗುರಿಯಾಗಿಟ್ಟಿರುವುದು ಈ ಕಾರಣಕ್ಕೆ. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಸುಗ್ಗಿಯಲ್ಲಿ ಊರು ಬಿಡುವ ಮಕ್ಕಳಿಗೆ ತಿಂಗಳುಗಟ್ಟಲೆ ಪಾಠ ತಪ್ಪುತ್ತದೆ. ಮರಳಿ ಬಂದಾಗ ತರಗತಿ ಭಿನ್ನರಾಶಿಯಲ್ಲಿರುತ್ತದೆ, ಮಗು ಇನ್ನೂ ವ್ಯವಕಲನದಲ್ಲಿರುತ್ತದೆ. ವಯಸ್ಸು ನೋಡದೆ ಸದ್ಯದ ಮಟ್ಟ ನೋಡಿ ಮಕ್ಕಳನ್ನು ಗುಂಪು ಮಾಡಿ ದಿನಕ್ಕೆ ಒಂದಿಷ್ಟು ಹೊತ್ತು ಕಲಿಸುವ ‘ಪ್ರಥಮ್’ ಸಂಸ್ಥೆಯ ವಿಧಾನ ಹಲವು ರಾಜ್ಯಗಳ ಪ್ರಯೋಗಗಳಲ್ಲಿ ಫಲ ಕೊಟ್ಟಿದೆ. ಕರ್ನಾಟಕದ ಸರ್ಕಾರಿ ಶಾಲೆಗಳ ನಾಲ್ಕು, ಐದನೇ ತರಗತಿಗಳಲ್ಲಿ ‘ಗಣಿತ ಕಲಿಕಾ ಆಂದೋಲನ’ ಕಾರ್ಯಕ್ರಮದ ಕಲಿಕಾ ಸಾಮಗ್ರಿಯ ಕಿಟ್ ಕೂಡ ಇದೆ. ಅದು ಕಪಾಟಿನಿಂದ ಹೊರಗೆ ಬಂದು ಮಕ್ಕಳ ಕೈಗೆ ಸಿಕ್ಕ ದಿನ, ಐದನೇ ತರಗತಿಯ ಹುಡುಗ ಎರಡನೇ ತರಗತಿಯ ಲೆಕ್ಕದಿಂದ ಶುರುಮಾಡಬಹುದು.